ಪತ್ತು



ಮಠದ ಕಟ್ಟೆಯ ಮೇಲೆ ಕುಳಿತು ಬ್ಯಾಂಕಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸೀತು. ಮನೆಯೊಳಗೆ ಬಡ್ಡಿ ಹೊಕ್ಕಿತೆಂದರೆ ಪೂಜೆಗೆ ಕುಳಿತಾಗಲೂ ಮನಸ್ಸು ಗಡುವಿನ ದಿನವನ್ನೇ ಎಣಿಸುತ್ತದೆ. ಆದುದರಿಂದ ಇದು ಇಲ್ಲಿ ಆಡಲೇಬೇಕಾದ ಮಾತು.

ಪತ್ತು ಎಂಬುದು ನಮ್ಮ ಸೀಮೆಗೆ ಹೊಸ ಶಬ್ದವಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆಗಿನ್ನೂ ಸಹಕಾರ ಸಂಘಗಳ ಕಾಯಿದೆ ಬಂದು ಒಂದೇ ವರ್ಷವಾಗಿತ್ತು. ಆ ಕಾಲದ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನು ಮಾತು ತಪ್ಪಿದರೆ ಉಳಿದವರು ತೆರಬೇಕು. ಅಂದ ಮೇಲೆ ಸಾಲ ಕೊಡುವಾಗ ಏನು ನೋಡುತ್ತಿದ್ದರು? ಇವನು ಆಡಿದಂತೆ ನಡೆಯುವನೇ, ಇಷ್ಟನ್ನೇ. ಪತ್ತು ಎಂದರೆ ಹಣವಲ್ಲ. ನಿಮ್ಮ ಮೇಲೆ ಇನ್ನೊಬ್ಬರು ಇಟ್ಟ ನಂಬಿಗೆ.

ಈಗ ಅದೇ ಪತ್ತು ಅಂಗೈಯಗಲದ ಒಂದು ಕಾರ್ಡಾಗಿ ನಿಮ್ಮ ಮಕ್ಕಳ ಜೇಬಿನಲ್ಲಿ ಕುಳಿತಿದೆ. ಕ್ರೆಡಿಟ್ ಕಾರ್ಡು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ತಿಂಗಳ ಬಿಲ್ಲು ಹೊರಟ ಮರುದಿನ ಕೊಂಡ ವಸ್ತುವಿಗೆ ಹೆಚ್ಚುಕಡಿಮೆ 45-50 ದಿನ ಬಡ್ಡಿಯೇ ಇಲ್ಲ. ಗಡುವಿನೊಳಗೆ ಪೂರ್ತಿ ಕಟ್ಟುವವನಿಗೆ ಇದಕ್ಕಿಂತ ಅಗ್ಗದ ಹಣ ಎಲ್ಲಿಯೂ ಸಿಕ್ಕದು. ಆದರೆ ‘ಪೂರ್ತಿ’ ಎಂಬ ಆ ಒಂದು ಶಬ್ದದಲ್ಲಿಯೇ ಎಲ್ಲ ಇದೆ, ಕೇಳಿರಿ.

ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಕಟ್ಟಬೇಕಾದ ಒಟ್ಟು ಹಣ, ಇನ್ನೊಂದು ಕನಿಷ್ಠ ಹಣ. ಒಟ್ಟು 40,000 ರೂಪಾಯಿ ಇದ್ದರೆ ಕನಿಷ್ಠವೆಂದು 2,000 ಬರೆದಿರುತ್ತದೆನ್ನೋಣ. ಹುಡುಗ ಸಂತೋಷಪಡುತ್ತಾನೆ: ಎರಡು ಸಾವಿರ ಕೊಟ್ಟರೆ ಮುಗಿಯಿತು! ಮುಗಿಯಲಿಲ್ಲ ತಮ್ಮಾ, ಸುರುವಾಯಿತು. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸು. ನಮ್ಮ ಹಿರಿಯರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಊರಿನ ಸಾಹುಕಾರನು ಮೂರು ರೂಪಾಯಿ ಬಡ್ಡಿ ಎಂದರೆ ‘ಇವನು ಮನೆ ಮುರಿಯುವವನು’ ಎಂದು ಎದ್ದು ಬರುತ್ತಿದ್ದರು. ಮೂರೂವರೆ ಎಂದರೆ ವರ್ಷಕ್ಕೆ ಶೇಕಡ 42. ನಲವತ್ತು ಸಾವಿರಕ್ಕೆ ಒಂದು ತಿಂಗಳಿನ ಬಡ್ಡಿ 1,400. ಅದರ ಮೇಲೆ ಜಿಎಸ್‌ಟಿ ಶೇಕಡ 18ರಂತೆ 252. ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ ಮಾತ್ರ! ಇಷ್ಟಕ್ಕೇ ನಿಲ್ಲುವುದಿಲ್ಲ. ಹಳೆಯ ಬಾಕಿ ಉಳಿಸಿದವನಿಗೆ ಹೊಸ ಖರೀದಿಗೂ ಆ ಬಡ್ಡಿಯಿಲ್ಲದ ದಿನಗಳು ಇಲ್ಲವಾಗುತ್ತವೆ. ಕಾರ್ಡು ಹಾಕಿ ಏಟಿಎಂನಿಂದ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಮೇಲೆ ಶುಲ್ಕ ಬೇರೆ.

ಕನಿಷ್ಠವನ್ನೇ ಕಟ್ಟುತ್ತ ಹೋದರೆ ಸಾಲ ತೀರಲು ತಿಂಗಳುಗಳೋ ವರ್ಷಗಳೋ ಹಿಡಿಯುವುವೆಂದು ಬಿಲ್ಲಿನಲ್ಲಿಯೇ ಎಚ್ಚರಿಕೆ ಇರಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿತು. ಓದುವವರಾರು? ಸರಕಾರ ಬಡ್ಡಿಯನ್ನು ತಡೆದೀತೆಂದು ಕಾಯುವುದೂ ಬೇಡ. ಶೇಕಡ 30ನ್ನು ಮೀರಿದ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿರುಗಿ ಒಯ್ದು ಹಾಕಿ ಬಾ ಎಂದ ತಾಯಿ ಆಕೆ. ಅವರದು ಅಂದಿನ ಕಾಯಕದ ಅಕ್ಕಿ. ನಾವು ಇನ್ನೂ ಮಾಡದ ನಾಳಿನ ಕಾಯಕದ ಅಕ್ಕಿಯನ್ನು ಇಂದೇ ಉಣ್ಣಲು ಹೊರಟಿದ್ದೇವೆ.

ಕಳೆದ ಶ್ರಾವಣದಲ್ಲಿ ಒಬ್ಬ ತಾಯಿ ಮಠಕ್ಕೆ ಬಂದಿದ್ದರು. ಮಗ ಪಟ್ಟಣದಲ್ಲಿ ನೌಕರಿಯಲ್ಲಿದ್ದಾನೆ, ಒಳ್ಳೆಯ ಹುಡುಗ. ತಂಗಿಯ ಮದುವೆಯ ಖರ್ಚಿಗೆ ಕಾರ್ಡು ಬಳಸಿದ, ಅದರ ಬಾಕಿ ತೀರಿಸಲು ಇನ್ನೊಂದು ತೆಗೆದ, ಹೀಗೆ ನಾಲ್ಕಾದವು. ವಸೂಲಿಯವರ ಫೋನಿಗೆ ಹೆದರಿ ಹಬ್ಬಕ್ಕೂ ಊರಿಗೆ ಬಂದಿರಲಿಲ್ಲ. ತಾಯಿ ಕೇಳಿದ್ದು ಒಂದು ತಾಯಿತ. ‘ಅವ್ವಾ, ತಾಯಿತಕ್ಕೆ ಬಡ್ಡಿ ಇಳಿಯುವುದಿಲ್ಲ, ಮಗನನ್ನೂ ನಾಲ್ಕು ಬಿಲ್ಲುಗಳನ್ನೂ ಕರೆದು ತಾ’ ಎಂದೆವು. ಬಂದ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಭಕ್ತರೊಬ್ಬರು ಹಾಳೆಯ ಮೇಲೆ ಎಲ್ಲವನ್ನೂ ಬರೆಸಿದರು. ತನ್ನ ಒಟ್ಟು ಸಾಲವೆಷ್ಟೆಂದು ಆ ಹುಡುಗ ಕಂಡದ್ದು ಅದೇ ಮೊದಲು. ತಾಯಿಯ ಬಳೆಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟರೆ ಕಾರ್ಡಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬಡ್ಡಿ. ಆಕೆ ಒಂದು ಗಳಿಗೆ ಕೈ ನೋಡಿಕೊಂಡರು, ಆಮೇಲೆ ಬಿಚ್ಚಿದರು. ಹೆಚ್ಚು ಬಡ್ಡಿಯ ಎರಡು ಕಾರ್ಡು ಮೊದಲು ತೀರಿದವು. ಉಳಿದೆರಡು ಕಂತಿನಲ್ಲಿ ತೀರುತ್ತಿವೆ. ಬಳೆ ಇನ್ನೂ ಬಿಡಿಸಿಲ್ಲ.

ಇಂಥ ಸಂಕಟದಲ್ಲಿದ್ದವರು ತಿಳಿದಿರಬೇಕು: ವಸೂಲಿಯವರು ಬೆದರಿಸಕೂಡದು, ಮುಂಜಾನೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿತು. ಹೆದರಿ ಅಡಗಿದರೆ ಸಾಲ ಬೆಳೆಯುತ್ತದೆ. ಬ್ಯಾಂಕಿನವರೆದುರು ಕುಳಿತು ಕಂತು ಕೇಳುವುದರಲ್ಲಿ ಅವಮಾನವಿಲ್ಲ. ‘ಇಷ್ಟು ಕೊಡು, ಉಳಿದದ್ದು ಬಿಟ್ಟೆವು’ ಎಂದು ಅವರು ಹೇಳಿದಾಗ ಮಾತ್ರ ಸ್ವಲ್ಪ ನಿಂತು ಯೋಚಿಸಿರಿ. ಅದು ಸಾಲ ತೀರಿತೆಂದಲ್ಲ, ರಾಜಿಯಾಯಿತೆಂದು ಬರಹದಲ್ಲಿ ಸೇರುತ್ತದೆ.

ಯಾವ ಬರಹ ಎನ್ನುವಿರಾ? ಹಿಂದೆ ಊರವರ ಬಾಯಲ್ಲಿದ್ದ ನಿಮ್ಮ ಹೆಸರು ಈಗ ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳ ಪುಸ್ತಕದಲ್ಲಿದೆ. ಸಿಬಿಲ್ ಹುಟ್ಟಿದ್ದು 2000ದಲ್ಲಿ, ಅದಕ್ಕೊಂದು ಕಾಯಿದೆ ಬಂದದ್ದು 2005ರಲ್ಲಿ. 300ರಿಂದ 900ರವರೆಗೆ ಅಂಕ ಕೊಡುತ್ತಾರೆ. 750ರ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯದೆನ್ನುತ್ತಾರೆ. ಗಡುವು ತಪ್ಪಿದರೆ ಅಂಕ ಇಳಿಯುತ್ತದೆ. ಕಾರ್ಡಿನ ಮಿತಿ ಒಂದು ಲಕ್ಷವಿದ್ದರೆ ಮೂವತ್ತು ಸಾವಿರದೊಳಗೆ ಕೈ ಹಿಡಿಯುವುದು ಲೇಸು; ಕೊಟ್ಟಿದ್ದಾರೆಂದು ತುದಿಯವರೆಗೆ ತೆಗೆಯುವವನನ್ನು ಯಾರೂ ನಂಬರು. ಇನ್ನು ಜಾಮೀನು. ನಮ್ಮವರಿಗೆ ಇದೊಂದು ದಾಕ್ಷಿಣ್ಯದ ರೋಗ, ಬೀಗರು ಕೇಳಿದರೆಂದು ಸಹಿ ಮಾಡಿ ಚಹಾ ಕುಡಿದು ಬರುತ್ತೇವೆ. ಅವರು ಕಟ್ಟದಿದ್ದರೆ ನಿಮ್ಮ ಪುಟಕ್ಕೂ ಕಲೆ ಬೀಳುತ್ತದೆ. ನಾಳೆ ಮಗಳ ಓದಿಗೆ ಸಾಲ ಕೇಳಲು ಹೋದಾಗ ಗೊತ್ತಾಗುತ್ತದೆ.

ಕಾರ್ಡಿನ ಗುಟ್ಟಿನ ಅಂಕಿಯನ್ನೂ ಓಟಿಪಿಯನ್ನೂ ಯಾವ ಬ್ಯಾಂಕೂ ಫೋನಿನಲ್ಲಿ ಕೇಳುವುದಿಲ್ಲ, ಕೇಳಿದವನು ಕಳ್ಳನೇ. ಮೋಸವಾಯಿತೆಂದರೆ ನಾಚಿಕೊಂಡು ಕೂಡ್ರಬೇಡಿರಿ. ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ, ಕೂಡಲೇ 1930ಕ್ಕೆ ಫೋನು ಮಾಡಿರಿ. ತಡವಾದಷ್ಟೂ ನಷ್ಟ ನಿಮ್ಮ ತಲೆಗೆ.

ಆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ನಿಮ್ಮ ಪುಟವನ್ನು ನಿಮಗೆ ಪುಕ್ಕಟೆ ಕೊಡಬೇಕು. ತರಿಸಿ ಓದಿರಿ. ನೀವು ಮಾಡದ ಸಾಲ ಅದರಲ್ಲಿದ್ದರೆ ಬರೆದು ದೂರು ಕೊಡಿರಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿತು.

ಪ್ರಸಾದವಾದ ಮೇಲೆ ಆ ನಿವೃತ್ತ ಭಕ್ತರು ಪಡಸಾಲೆಯಲ್ಲಿ ಕೂಡ್ರುತ್ತಾರೆ. ಬೇಕಾದವರು ಬಿಲ್ಲು ತೋರಿಸಬಹುದು. ಬಿಲ್ಲು ಮಾತ್ರ, ಕಾರ್ಡು ಜೇಬಿನಲ್ಲಿಯೇ ಇರಲಿ.