ಹನ್ನೊಂದು ಸಲ ಗೆದ್ದವರು ಊರಿಗೆ ಏನು ಮಾಡಿದರು?



ಈ ಮಾಲಿಕೆ ಶುರುವಾದಾಗಿನಿಂದ ನಿಮ್ಮ ಕಾಗದಗಳಲ್ಲಿ ಒಂದೇ ಮಾತು ಬೇರೆ ಬೇರೆ ಕೈಬರಹದಲ್ಲಿ ಬರುತ್ತಿದೆ. 'ನಮ್ಮ ಎಂ.ಪಿ. ಮೂರು ಸಲ ಗೆದ್ದರು, ನಮ್ಮೂರ ರಸ್ತೆ ಹಾಗೇ ಇದೆ.' 'ಇಷ್ಟು ವರ್ಷ ದೆಹಲಿಯಲ್ಲಿ ಕೂತು ಇವರು ಮಾಡುವುದಾದರೂ ಏನು?' ಒಬ್ಬ ತಾಯಿ, ಒಮ್ಮೆ ಹೋದವರು ಮತ್ತೆ ಹೋಗದಂತೆ ಕಾನೂನು ಮಾಡಬಾರದೇ ಎಂದು ಕೇಳಿದ್ದಾರೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಳೆಯುವ ಕೋಲು ತಪ್ಪು. ಅದನ್ನು ಹೇಳಲು ಇವತ್ತು ಒಬ್ಬರ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಅವರು ಇಂದ್ರಜಿತ್ ಗುಪ್ತ. 1919ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಲೋಕಸಭೆಗೆ 11 ಸಲ ಗೆದ್ದರು. ಅಷ್ಟು ಸಲ ಗೆದ್ದವರು ಇನ್ನೊಬ್ಬರಿಲ್ಲ. 1960ರ ಉಪಚುನಾವಣೆಯಲ್ಲಿ ಒಳಗೆ ಕಾಲಿಟ್ಟವರು 2001ರ ಫೆಬ್ರವರಿಯಲ್ಲಿ ಸದಸ್ಯರಾಗಿರುವಾಗಲೇ ತೀರಿಕೊಂಡರು. ನಡುವೆ ತಪ್ಪಿದ್ದು ಒಂದೇ ಸಲ, 1977ರಲ್ಲಿ. ತುರ್ತುಪರಿಸ್ಥಿತಿಯನ್ನು ಅವರ ಕಮ್ಯುನಿಸ್ಟ್ ಪಕ್ಷ, ಅಂದರೆ ಸಿ.ಪಿ.ಐ., ಬೆಂಬಲಿಸಿತ್ತು. ಆ ನಿಲುವು ತಪ್ಪೆಂದೇ ನಾನು ತಿಳಿದಿದ್ದೇನೆ. ಒಬ್ಬರನ್ನು ಮೆಚ್ಚುವಾಗ ಇಂಥದ್ದನ್ನು ಮುಚ್ಚಿಡಬಾರದು.

ಮನೆತನ ದೊಡ್ಡದು. ಅಜ್ಜ ಬಿಹಾರಿಲಾಲ್ ಗುಪ್ತ ಐ.ಸಿ.ಎಸ್. ಪಾಸು ಮಾಡಿದ ಮೊದಮೊದಲ ಭಾರತೀಯರಲ್ಲಿ ಒಬ್ಬರು. ಮೊಮ್ಮಗ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ, ಆಮೇಲೆ ಕೇಂಬ್ರಿಜ್‌ನಲ್ಲಿ ಓದಿ, ಹಿಂದಿರುಗಿ ಬಂದು ಸೇರಿದ್ದು ಕಲ್ಕತ್ತೆಯ ಸೆಣಬಿನ ಗಿರಣಿಗಳ ಕಾರ್ಮಿಕ ಸಂಘಕ್ಕೆ. 1948ರಲ್ಲಿ ಪಶ್ಚಿಮ ಬಂಗಾಳದಲ್ಲಿ ಪಕ್ಷದ ಮೇಲೆ ನಿಷೇಧ ಬಿದ್ದಾಗ ಭೂಗತರಾದರು. ಸೆಣಬು ಉದ್ಯಮದ ಬಂಡವಾಳ ಮತ್ತು ದುಡಿಮೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಸಂಸತ್ತಿಗೆ ಬರುವ ಮೊದಲೇ ಕೂಲಿಯ ಲೆಕ್ಕ, ಪಾಳಿಯ ಲೆಕ್ಕ ಅವರ ಬಾಯಲ್ಲಿತ್ತು.

ಈಗ ನಿಮ್ಮ ಪ್ರಶ್ನೆ: ಇಷ್ಟು ವರ್ಷದಲ್ಲಿ ಅವರು ಕ್ಷೇತ್ರಕ್ಕೆ ಎಷ್ಟು ರಸ್ತೆ ಹಾಕಿಸಿದರು?

ಸಂಸದರ ನಿಧಿ ಎಂಬುದು ಶುರುವಾದದ್ದೇ 1993ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲಿನ 40 ವರ್ಷ ಲೋಕಸಭೆಯ ಯಾವ ಸದಸ್ಯರ ಕೈಯಲ್ಲೂ ಬಸ್ ತಂಗುದಾಣ ಕಟ್ಟಿಸುವ, ಕೊಳವೆಬಾವಿ ತೋಡಿಸುವ ಅಂಥ ದುಡ್ಡು ಇರಲಿಲ್ಲ. ಚರಂಡಿ ಪಂಚಾಯಿತಿಯ ಕೆಲಸ, ಊರ ರಸ್ತೆ ಜಿಲ್ಲಾ ಪಂಚಾಯಿತಿಯದೋ ರಾಜ್ಯ ಸರ್ಕಾರದ್ದೋ ಕೆಲಸ. ಅದನ್ನು ಸಂಸದರ ತಲೆಗೆ ಕಟ್ಟಿ, ಅವರು ನಿಜವಾಗಿ ಮಾಡಬೇಕಾದ ಕೆಲಸವನ್ನು ಕೇಳದೇ ಬಿಡುತ್ತೇವಲ್ಲ, ಅದರಿಂದ ನಷ್ಟವಾಗುವುದು ನಮಗೇ. ನಾನು 28 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು. 'ನನಗೆ ಯಾಕೆ ಮತ ಹಾಕಲಿಲ್ಲ ಎಂದು ಕೇಳುವ ಅಭ್ಯರ್ಥಿಗಳಿದ್ದಾರೆ, ನೀನು ಯಾಕೆ ಪ್ರಶ್ನೆ ಕೇಳಲಿಲ್ಲ ಎಂದು ಕೇಳುವ ಮತದಾರ ಒಬ್ಬನೂ ಸಿಗಲಿಲ್ಲ' ಎಂದು ಒಬ್ಬ ಮಾಜಿ ಸಂಸದರು ಒಮ್ಮೆ ನನ್ನ ಬಳಿ ನೋವಿನಿಂದ ಹೇಳಿದ್ದರು.

ಪ್ರಶ್ನೆ ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೋಕಸಭೆಯಲ್ಲಿ ದಿನದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ಸದಸ್ಯರು ಕನಿಷ್ಠ 15 ದಿನ ಮುಂಚೆ ಪ್ರಶ್ನೆ ಬರೆದು ಕೊಡಬೇಕು. ಯಾರದ್ದು ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು. ಅವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಪೂರಕ ಪ್ರಶ್ನೆಗಳನ್ನು ಎದುರಿಸಬೇಕು. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಚುಕ್ಕೆಯವು ಹಸಿರು ಹಾಳೆಯಲ್ಲಿ, ಚುಕ್ಕೆ ಇಲ್ಲದವು ಬಿಳಿ ಹಾಳೆಯಲ್ಲಿ ಅಚ್ಚಾಗುತ್ತಿದ್ದವು.

ಪ್ರಶ್ನೆ ಅಂಗೀಕಾರವಾಯಿತು ಎನ್ನಿ. ಅದು ಸಚಿವಾಲಯಕ್ಕೆ ಹೋಗುತ್ತದೆ. ಎಲ್ಲೋ ಕಪಾಟಿನಲ್ಲಿ ಮಲಗಿದ್ದ ಕಡತ ಆ ದಿನ ಏಳುತ್ತದೆ. ಗುಮಾಸ್ತರು ಅದನ್ನು ಬಿಚ್ಚುತ್ತಾರೆ, ಮೇಲಧಿಕಾರಿಗೆ ಒಯ್ಯುತ್ತಾರೆ, ಅವರು ಇನ್ನೂ ಮೇಲಿನವರಿಗೆ ಕಳಿಸುತ್ತಾರೆ. ಜಿಲ್ಲೆಯ ಕಚೇರಿಗೆ ತುರ್ತು ಸಂದೇಶ ಹೋಗುತ್ತದೆ: ಅಂಕಿ ಅಂಶ ಕಳಿಸಿ, ದಿನಾಂಕ ಕಳಿಸಿ. ಚುಕ್ಕೆಯ ಪ್ರಶ್ನೆಯಾದರೆ ಸಚಿವರಿಗೆ ಯಾವ ಪೂರಕ ಪ್ರಶ್ನೆ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಅಧಿಕಾರಿಗಳು ಕೇಳಬಹುದಾದ ಎಲ್ಲವನ್ನೂ ಊಹಿಸಿ ಟಿಪ್ಪಣಿ ಬರೆದಿಡಬೇಕು. ಬೇಕೆಂದೇ ತಪ್ಪು ಉತ್ತರ ಕೊಟ್ಟು ಸಿಕ್ಕಿಬಿದ್ದರೆ ಹಕ್ಕುಚ್ಯುತಿ. ಎರಡು ಸಾಲಿನ ಪ್ರಶ್ನೆ, ಆದರೆ ಅದರ ಹಿಂದೆ ಇಡೀ ಇಲಾಖೆ ಎದ್ದು ಕೂರುತ್ತದೆ. ಭಾಷಣಕ್ಕೆ ಈ ಶಕ್ತಿಯಿಲ್ಲ. ಘೋಷಣೆ ಕೂಗುವುದಕ್ಕೆ ಇಲ್ಲವೇ ಇಲ್ಲ. ಪ್ರಶ್ನೆ ಹೋದರೆ ಕಡತ ಏಳುತ್ತದೆ. ಮತ್ತೆ ಹೇಳುತ್ತೇನೆ, ಪ್ರಶ್ನೆ ಹೋದರೆ ಕಡತ ಏಳುತ್ತದೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ನೇಯ್ಗೆ ವಿಭಾಗದಲ್ಲಿದ್ದರು. ಗಿರಣಿ ಮುಚ್ಚಿತು. ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಂಡಿದ್ದ ಪಿ.ಎಫ್. ಹಣ ಎಷ್ಟೋ ತಿಂಗಳು ಖಾತೆಗೆ ಹೋಗಿಯೇ ಇರಲಿಲ್ಲ. ಎರಡು ವರ್ಷ ಅಪ್ಪ ಕಚೇರಿಗೆ ಅಲೆದರು. ಕಡತ ಸಿಗುತ್ತಿಲ್ಲ, ಮುಂದಿನ ವಾರ ಬನ್ನಿ, ಸಾಹೇಬರು ರಜೆಯಲ್ಲಿದ್ದಾರೆ. ಗಿರಣಿಯ ಭೋಂಗಾ ನಿಂತ ಊರಿನಲ್ಲಿ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದ ಗಂಡಸರನ್ನು ನಾನು ನೋಡಿದ್ದೇನೆ. ಕೊನೆಗೆ ಯೂನಿಯನ್ನಿನವರು ಒಬ್ಬ ಸಂಸದರಿಗೆ ಕಾಗದ ಬರೆದರು. ಅವರು ನಮ್ಮ ಜಿಲ್ಲೆಯವರೂ ಅಲ್ಲ. ಅವರು ಕೇಳಿದ್ದು ಚುಕ್ಕೆ ಇಲ್ಲದ ಒಂದು ಪ್ರಶ್ನೆ: ಇಂಥ ಗಿರಣಿ ಎಷ್ಟು ಬಾಕಿ ಉಳಿಸಿಕೊಂಡಿದೆ, ವಸೂಲಿಗೆ ಏನು ಮಾಡಿದ್ದೀರಿ? ಉತ್ತರದಲ್ಲಿ ಬಾಕಿಯ ಮೊತ್ತ ರೂಪಾಯಿಗಳಲ್ಲಿ ಅಚ್ಚಾಗಿ ಬಂತು. ಅದರ ನಕಲು ಹಿಡಿದು ಅಪ್ಪ ಕಚೇರಿಗೆ ಹೋದ ದಿನ ಅದೇ ಕಡತ ಅದೇ ಮೇಜಿನ ಮೇಲಿತ್ತು. ಹಣ ಎರಡು ಕಂತಿನಲ್ಲಿ ಬಂತು, ಪೂರ್ತಿ ಬರಲಿಲ್ಲ. ಆದರೂ ಆ ಬಿಳಿ ಹಾಳೆಯನ್ನು ಅಪ್ಪ ರೇಷನ್ ಕಾರ್ಡಿನ ಜೊತೆ ಮಡಚಿಟ್ಟುಕೊಂಡಿದ್ದರು.

ಆ ಉತ್ತರದ ಕೊನೆಯಲ್ಲಿ 'ಕ್ರಮವನ್ನು ಪರಿಶೀಲಿಸಲಾಗುತ್ತಿದೆ' ಎಂದಿತ್ತು. ಈ ಮಾತು ಕೇಳಿದರೆ ನಮಗೆ ರೋಸಿಹೋಗುತ್ತದೆ, ಅದು ತಳ್ಳಿಹಾಕುವ ಮಾತು ಎಂದುಕೊಳ್ಳುತ್ತೇವೆ. ಸದನದೊಳಗೆ ಹಾಗಲ್ಲ. 1953ರಿಂದ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಯಾವ ಯಾವ ಮಾತನ್ನು ಭರವಸೆ ಎಂದು ಹಿಡಿಯಬೇಕು ಎಂಬುದಕ್ಕೆ ಒಂದು ಪಟ್ಟಿಯೇ ಇದೆ. 'ವಿಷಯ ಪರಿಶೀಲನೆಯಲ್ಲಿದೆ', 'ವಿಚಾರಣೆ ನಡೆಯುತ್ತಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು', ಇವೆಲ್ಲ ಆ ಪಟ್ಟಿಯಲ್ಲಿವೆ. ಸಚಿವರು ಹಾಗೆ ಹೇಳಿದರೆ ಅದು ಸಾಲ ಬರೆದುಕೊಟ್ಟಂತೆ. ಮೂರು ತಿಂಗಳಲ್ಲಿ ಪೂರೈಸಬೇಕು, ಆಗದಿದ್ದರೆ ಕಾರಣ ಹೇಳಿ ಅವಧಿ ಕೇಳಬೇಕು. ಸಮಿತಿಯಲ್ಲಿ ಸಚಿವರು ಯಾರೂ ಇರುವಂತಿಲ್ಲ. ಎಷ್ಟೋ ಭರವಸೆಗಳು ವರ್ಷಗಟ್ಟಲೆ ಎಳೆಯುತ್ತವೆ, ನಿಜ. ಆದರೆ ಎಳೆಯುತ್ತಿವೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಎಳೆಯುವುದೂ ಇಲ್ಲ, ಸತ್ತೇ ಹೋಗುತ್ತದೆ.

ದೊಡ್ಡ ಉದಾಹರಣೆ ಬೇಕೆಂದರೆ 1957 ನೋಡಿ. ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳನ್ನು ಒಂದೂಕಾಲು ಕೋಟಿ ರೂಪಾಯಿಯಷ್ಟಕ್ಕೆ ಕೊಂಡಿತ್ತು. ಸದನದಲ್ಲಿ ಪ್ರಶ್ನೆ ಎದ್ದಿತು. ಜಾರಿಕೊಳ್ಳುವ ಉತ್ತರ ಬಂತು. ಫಿರೋಜ್ ಗಾಂಧಿ ಬಿಡಲಿಲ್ಲ. ಅವರು ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ. ಛಾಗ್ಲಾ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇಂದ್ರಜಿತ್ ಗುಪ್ತರು ಸದನಕ್ಕೆ ಬಂದದ್ದು ಇದಾದ ಎರಡು ವರ್ಷಕ್ಕೆ. ಪ್ರಶ್ನೆಯ ಬಲ ಏನೆಂದು ಸದನಕ್ಕೆ ಗೊತ್ತಿದ್ದ ಕಾಲ ಅದು.

ಅವರು 36 ವರ್ಷ ಸರ್ಕಾರದ ಕಡೆಯ ಆಸನದಲ್ಲಿ ಸಚಿವರಾಗಿ ಕೂರಲಿಲ್ಲ. ಕಾರ್ಮಿಕರು, ಸೆಣಬು, ದೇಶದ ರಕ್ಷಣೆ, ಈ ವಿಷಯಗಳಲ್ಲಿ ಕೇಳುತ್ತಲೇ ಇದ್ದರು. ಕೂಗಾಡದೆ, ತಿಳಿದುಕೊಂಡು ಬಂದು ಮಾತಾಡುವವರು ಎಂಬ ಹೆಸರಿತ್ತು. ಜನಪಥದ ವೆಸ್ಟರ್ನ್ ಕೋರ್ಟ್‌ನ ಸಣ್ಣ ಕೋಣೆಗಳಲ್ಲಿ ವರ್ಷಗಟ್ಟಲೆ ಇದ್ದರು. 1992ರಲ್ಲಿ ಅತ್ಯುತ್ತಮ ಸಂಸದೀಯ ಪಟು ಪ್ರಶಸ್ತಿ ಬಂತು. ಅತಿ ಹಿರಿಯ ಸದಸ್ಯರೆಂದು ಹಂಗಾಮಿ ಸಭಾಧ್ಯಕ್ಷರಾಗಿ ಹಲವು ಸಲ ಹೊಸ ಸದಸ್ಯರಿಗೆ ಪ್ರಮಾಣವಚನ ಬೋಧಿಸಿದರು.

1996ರಲ್ಲಿ ನಮ್ಮ ಹಾಸನದ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಇಂದ್ರಜಿತ್ ಗುಪ್ತರನ್ನು ಗೃಹ ಸಚಿವರನ್ನಾಗಿ ತೆಗೆದುಕೊಂಡರು. ಒಂದು ಕಾಲಕ್ಕೆ ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದವರು ದೇಶದ ಪೊಲೀಸ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಚಿವರಾದರು. ಅಲ್ಲಿ ಏನು ಮಾಡಿದರು? 1977ರಲ್ಲಿ ರಚನೆಯಾದ ರಾಷ್ಟ್ರೀಯ ಪೊಲೀಸ್ ಆಯೋಗದ ವರದಿಗಳು ದೂಳು ತಿನ್ನುತ್ತಿದ್ದವು. 1997ರ ಏಪ್ರಿಲ್‌ನಲ್ಲಿ ಅವರು ಮುಖ್ಯಮಂತ್ರಿಗಳಿಗೆಲ್ಲ ಪತ್ರ ಬರೆದು, ಪಕ್ಷದ ಲೆಕ್ಕಾಚಾರ ಬಿಟ್ಟು ಅವನ್ನು ಜಾರಿಗೆ ತನ್ನಿ ಎಂದು ಕೇಳಿಕೊಂಡರು. ರಾಜ್ಯಗಳು ಕದಲಲಿಲ್ಲ. ಆ ಶಿಫಾರಸುಗಳ ಸಾರಕ್ಕೆ ಜೀವ ಬಂದದ್ದು 2006ರಲ್ಲಿ, ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟಾಗ. ಗುಪ್ತರು ಆಗ ಇರಲಿಲ್ಲ.

ಚುನಾವಣೆಗೆ ಸರ್ಕಾರವೇ ಖರ್ಚು ಕೊಡಬಹುದೇ ಎಂದು ನೋಡಲು 1998ರಲ್ಲಿ ಒಂದು ಸಮಿತಿ ಆಯಿತು, ಅವರೇ ಅಧ್ಯಕ್ಷರು. ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ, ವಿಜಯಕುಮಾರ್ ಮಲ್ಹೋತ್ರಾ, ಹೀಗೆ ಬೇರೆ ಬೇರೆ ಪಕ್ಷದವರು ಅದರಲ್ಲಿದ್ದರು. ಕೈಗೆ ನಗದು ಕೊಡಬೇಡಿ, ಇಂಧನ, ಕಾಗದ, ಧ್ವನಿವರ್ಧಕ, ಸರ್ಕಾರಿ ರೇಡಿಯೊ ಮತ್ತು ದೂರದರ್ಶನದಲ್ಲಿ ಸಮಯ ಕೊಡಿ, ಅದೂ ಮಾನ್ಯತೆ ಇರುವ ಪಕ್ಷಗಳಿಗೆ ಎಂದು ಸಮಿತಿ ಹೇಳಿತು. ಆ ಸಲಹೆಯಲ್ಲಿ ಹೆಚ್ಚಿನದು ಹಾಗೇ ಉಳಿದಿದೆ. ಚುನಾವಣೆಯ ಖರ್ಚಿನ ಮಾತು ಬಂದಾಗಲೆಲ್ಲ ಇಂದ್ರಜಿತ್ ಗುಪ್ತ ಸಮಿತಿಯ ಹೆಸರು ಇವತ್ತಿಗೂ ಎದ್ದು ಬರುತ್ತದೆ.

ಹಾಗಾದರೆ ಇಷ್ಟೇ ತಾನೇ, ಕಟ್ಟಿದ್ದು ಏನೂ ಇಲ್ಲವಲ್ಲ ಎನ್ನುವವರಿಗೆ ನಾನು ಹೇಳುವುದು: ಉತ್ತರಗಳನ್ನು ಕಟ್ಟಿಸಿದರು. ಸರ್ಕಾರದ ಬಾಯಿಂದ ಅಚ್ಚಿನಲ್ಲಿ ಮಾತು ಹೊರಡಿಸಿದರು. ನಮ್ಮಪ್ಪನಂಥವರಿಗೆ ಕಚೇರಿಯ ಮೇಜಿನ ಮೇಲೆ ಇಡಲು ಒಂದು ಹಾಳೆ ಬೇಕಾಗುತ್ತದೆ. ಆ ಹಾಳೆ ರಸ್ತೆಯಂತೆ ಕಣ್ಣಿಗೆ ಕಾಣುವುದಿಲ್ಲ.

ಗಲಾಟೆಯಲ್ಲಿ ಪ್ರಶ್ನೋತ್ತರ ವೇಳೆ ಕೊಚ್ಚಿಹೋದ ಸುದ್ದಿ ಬಂದಾಗ ಅದರಿಂದ ನಮಗೇನು ಎನ್ನಬೇಡಿ. ಆ ದಿನ ಚುಕ್ಕೆಯ 20 ಪ್ರಶ್ನೆಗಳಿಗೂ ಲಿಖಿತ ಉತ್ತರವೇನೋ ಸಿಗುತ್ತದೆ. ಆದರೆ ಸಚಿವರನ್ನು ಎದುರಿಗೆ ನಿಲ್ಲಿಸಿ 'ಹಾಗಾದರೆ ಇದು ಯಾಕೆ' ಎಂದು ಕೇಳುವ ಪೂರಕ ಪ್ರಶ್ನೆ ಸತ್ತಿತು. ಗದ್ದಲ ಮಾಡಿದವರು ಯಾವ ಪಕ್ಷದವರೇ ಆಗಿರಲಿ, ಸಚಿವರಿಗೆ ಅದರಿಂದ ಅನುಕೂಲವೇ ಆಯಿತು.

ಸಮಯ ಮುಗಿಯುತ್ತ ಬಂದಿದೆ. ಮಾಡಬೇಕಾದದ್ದನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮ ಸಂಸದರು ಎಷ್ಟು ಪ್ರಶ್ನೆ ಕೇಳಿದ್ದಾರೆ, ಏನು ಕೇಳಿದ್ದಾರೆ ಎಂಬುದು ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರಿನಡಿಯೇ ಸಿಗುತ್ತದೆ. ಮನೆಯ ಮಕ್ಕಳಿಂದ ತೆಗೆಸಿ ಓದಿ. ನಿಮ್ಮ ಸಂಸದರು ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಇನ್ನೊಬ್ಬರಿಗೆ, ಇಲ್ಲವೇ ರಾಜ್ಯಸಭೆಯ 12 ಜನರಲ್ಲಿ ಒಬ್ಬರಿಗೆ ಬರೆಯಿರಿ. ಯಾವ ಸದಸ್ಯರು ಯಾವ ಊರಿನ ಬಗ್ಗೆಯಾದರೂ ಕೇಳಬಹುದು. ಪಿ.ಎಫ್., ರೈಲ್ವೆ, ಅಂಚೆ, ಬ್ಯಾಂಕು, ರಾಷ್ಟ್ರೀಯ ಹೆದ್ದಾರಿ, ಇಂಥ ಕೇಂದ್ರದ ವಿಷಯವಾಗಿರಲಿ. ಒಂದು ಕಾಗದಕ್ಕೆ ಒಂದೇ ವಿಷಯ. ಕಚೇರಿಯ ಹೆಸರು, ಅರ್ಜಿ ಕೊಟ್ಟ ದಿನಾಂಕ, ಸ್ವೀಕೃತಿಯ ನಕಲು, ಬಾಕಿಯ ಮೊತ್ತ ಇರಲಿ. ಗೋಳು ಎರಡು ಸಾಲಿಗೆ ಮುಗಿಯಲಿ. ಕೊನೆಯಲ್ಲಿ 'ಇದನ್ನು ಸದನದಲ್ಲಿ ಪ್ರಶ್ನೆಯಾಗಿ ಕೇಳಿ' ಎಂದು ಬಿಡಿಸಿ ಬರೆಯಿರಿ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ ಶುರುವಾಗುತ್ತದೆ, 15 ದಿನ ಮುಂಚೆ ನೋಟಿಸು ಕೊಡಬೇಕು. ಜೂನ್ ಮೊದಲ ವಾರಕ್ಕೆ ನಿಮ್ಮ ಕಾಗದ ಅವರ ಕೈ ಸೇರಿರಲಿ.