ಹಕ್ಕಿಯ ಫೋಟೋ ಹಂಚಿ, ಗೂಡಿನ ಲೊಕೇಶನ್ ಬೇಡ

ಪುತ್ತೂರು, ಸುಳ್ಯ, ಕಡಬದಲ್ಲಿ ತೋಟಕ್ಕೆ ಮಂಗಟ್ಟೆ ಬಂದ್ರೆ ಸಾಕು, ಫೋಟೋ ಸೀದಾ ಸ್ಟೇಟಸ್‌ಗೆ. 24 ಗಂಟೆಯಲ್ಲಿ ಅದು ಮಾಯ. ಅದನ್ನೇ ದಿನ, ಊರು ಸೇರಿಸಿ ಇ-ಬರ್ಡ್‌ಗೆ ಹಾಕಿದ್ರೆ ದಾಖಲೆಯಾಗಿ ಉಳೀತದೆ. ಫೋಟೋ ಬ್ಲರ್ ಆದ್ರೂ ಪರವಾಗಿಲ್ಲ, ಹಕ್ಕಿ ಯಾವುದೆಂದು ಗೊತ್ತಾದ್ರೆ ಸಾಕು. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ 2020ರಿಂದ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನ ಭೀತಿಯ ಹಕ್ಕಿ. ಅದು ಎಲ್ಲೆಲ್ಲಿ ಉಂಟು ಅಂತ ತಿಳಿಯಲಿಕ್ಕೆ ನಿಮ್ಮ ಫೋಟೋವೂ ಬೇಕು.

ಆದ್ರೆ ಗೂಡಿನ ವಿಷಯ ಬೇರೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ತದೆ. ಸಣ್ಣ ಸೀಳಿನಲ್ಲಿ ಗಂಡು ತಂದು ಕೊಟ್ಟದ್ದೇ ಊಟ. ಮರದಡಿ ಕ್ಯಾಮೆರಾದವರು ಸೇರಿದ್ರೆ ಗಂಡು ಹತ್ತಿರ ಬರಲು ಹೆದರ್ತದೆ. ಒಳಗಿರುವ ತಾಯಿ, ಮರಿಗೆ ಉಪವಾಸ. ಗೂಡು ಕಂಡ್ರೆ ದೂರದಿಂದ ನೋಡಿ, ಸುಮ್ಮನೆ ಬನ್ನಿ.