ಹಳೆ ಬಾವಿ ಮುಚ್ಚುವ ಮೊದಲು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2024ರ ಡಿಸೆಂಬರ್‌ನಲ್ಲಿ ನಡೆದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಎಂಬ ಕಾರಣಕ್ಕೆ ತಂತ್ರಜ್ಞಾನದ ಬಗ್ಗೆ ನಾಲ್ಕು ಮಾತಾಡಬೇಕೆಂದು ಸಮಿತಿಯವರು ಹೇಳಿದ್ದರು. ನಾನು ಮಾತಾಡುವುದು ಮಾರ್ಕೆಟ್ಟಿನ ಬಗ್ಗೆ. ಕಾರಣ ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ನಾನು ಈಗ ಇರುವುದು ಮಂಗಳೂರಿನ ಅತ್ತಾವರದಲ್ಲಿ. ಅಲ್ಲಿಂದ ಹಂಪನಕಟ್ಟೆಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕ್ ಕಡೆಗೆ ಹೋಗುವಲ್ಲಿ ಸೆಂಟ್ರಲ್ ಮಾರ್ಕೆಟ್ ಇತ್ತು. ನಮ್ಮ ಊರಿನವರಿಗೆ ಆ ಹೆಸರು ಹೊಸದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಬಸಳೆ, ಹರಿವೆ, ಅಲಸಂಡೆ, ವೀಳ್ಯದೆಲೆ ಬೆಳಗಿನ ಮೊದಲ ಬಸ್ಸಿನ ಮೇಲೇರಿ ಅಲ್ಲಿಗೇ ಹೋಗುತ್ತಿತ್ತು. ಆ ದುಡ್ಡಿನಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿದವರು, ಯೂನಿಫಾರ್ಮ್ ಹೊಲಿಸಿದವರು ಈ ಸಭೆಯಲ್ಲೇ ಇದ್ದಾರೆ.

ಆ ಮಾರ್ಕೆಟ್ 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಮುಚ್ಚಿತು. ಕಟ್ಟಡ ಹಳೆಯದು, ಅಪಾಯಕಾರಿ, ಕೆಡವಿ ಹೊಸದು ಕಟ್ಟುತ್ತೇವೆ ಎಂದು ಪಾಲಿಕೆ ಹೇಳಿತು. ಸಗಟು ವ್ಯಾಪಾರ ಸುಮಾರು ಹತ್ತು ಕಿಲೋಮೀಟರ್ ದೂರದ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಕೇಸು ನಡೆಯಿತು, ಕಟ್ಟಡ ನೆಲಕ್ಕುರುಳಿತು, ಹೊಸದರ ಕೆಲಸ ಶುರುವಾಯಿತು. ಈಗ ನಾಲ್ಕೂವರೆ ವರ್ಷ ಕಳೆದಿದೆ. ಅಂದು ಎಂಟನೇ ಕ್ಲಾಸಿಗೆ ಸೇರಲಿದ್ದ ಮಗು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಮುಗಿಸುವ ಹೊತ್ತಾಯಿತು. ಬಸಳೆ ಮಾರುವವರು ಇನ್ನೂ ರಸ್ತೆ ಬದಿಯಲ್ಲಿದ್ದಾರೆ.

ಇದೊಂದೇ ಅಲ್ಲ. ಹಂಪನಕಟ್ಟೆಯ ಹಳೆ ಬಸ್ ನಿಲ್ದಾಣದ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಆಗುತ್ತದೆಂದು ಹೊಂಡ ತೋಡಿದರು. ಆಮೇಲೆ ವರ್ಷಗಟ್ಟಲೆ ಜನ ಕಂಡದ್ದು ಹೊಂಡವನ್ನೇ. ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಆರಂಭವಾಗಿ 2020ರ ಜನವರಿ 31ರಂದು ತೆರೆಯಿತು. ಹತ್ತು ವರ್ಷ ಅದು ಇಡೀ ಜಿಲ್ಲೆಗೆ ತಮಾಷೆಯ ವಸ್ತುವಾಗಿತ್ತು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದು ಬಿತ್ತು. ಕೆಡವಬೇಕೇ, ದುರಸ್ತಿ ಮಾಡಬೇಕೇ ಎಂಬ ವಾದ ಅಲ್ಲಿ ವರ್ಷಗಟ್ಟಲೆ ಎಳೆಯಿತು. ಹಾಗೆಂದು ಏನೂ ಆಗಿಲ್ಲ ಎನ್ನಲಾರೆ. ಹಂಪನಕಟ್ಟೆಯಲ್ಲಿ ಗಡಿಯಾರ ಗೋಪುರ ಹೊಸದಾಗಿ ಎದ್ದಿದೆ, ಪೇಟೆಯ ಹಲವು ರಸ್ತೆಗಳು ಕಾಂಕ್ರೀಟಾಗಿವೆ. ಹಣ ಕೈಯಲ್ಲಿದ್ದ, ಯಾರನ್ನೂ ಎಬ್ಬಿಸಬೇಕಿಲ್ಲದ ಕೆಲಸಗಳು ಬೇಗ ಮುಗಿದವು. ಜನ ಕೂತು ಬದುಕು ನಡೆಸುತ್ತಿದ್ದ ಜಾಗದ ಕೆಲಸಗಳು ನಿಂತವು.

ಅತ್ತಾವರದಲ್ಲಿ, ಹಂಪನಕಟ್ಟೆಯಲ್ಲಿ ಜನ ಏನು ಹೇಳುತ್ತಾರೆಂದು ಒಂದಷ್ಟು ದಿನ ಕೇಳುತ್ತಾ ಹೋದೆ. ಹೆಚ್ಚಿನವರು ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು, "ಹಳೆ ಮಾರ್ಕೆಟ್ ಹೋದದ್ದೇ ಒಳ್ಳೆಯದು ಮಾರಾಯ್ರೆ. ಮಳೆಗಾಲದಲ್ಲಿ ಒಳಗೆ ಕಾಲಿಡಲು ಸಾಧ್ಯವಿತ್ತಾ? ಆ ಕೆಸರು, ಆ ವಾಸನೆ! ಹೆಂಗಸರಿಗೆ ಸರಿಯಾದ ಶೌಚಾಲಯ ಬೇಡವಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವುದು ಅಲ್ಲಿ ದಿನವಿಡೀ ನಿಲ್ಲಬೇಕಿಲ್ಲದವರ ಮಾತು.

ರಿಕ್ಷಾ ಪಾರ್ಕಿನಲ್ಲಿ ಒಬ್ಬರು ಚಾಲಕರು, "ಸರ್, ನಮಗೆ ಪಾರ್ಕಿಂಗ್ ಕಟ್ಟಡ ಬೇಕೇ ಬೇಕು. ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿದರೆ ನಾವು ಎಲ್ಲಿ ಹೋಗುವುದು? ಆದರೆ ದುಡ್ಡು ಕೊಟ್ಟು ಮೂರನೇ ಮಾಳಿಗೆಗೆ ಕಾರು ಹತ್ತಿಸುವವರು ಎಷ್ಟು ಜನ, ಲೆಕ್ಕ ಹಾಕಿದ್ದಾರಾ?" ಎಂದು ಕೇಳಿದರು. ಇಡೀ ಯೋಜನೆಯ ಗಂಟು ಇರುವುದು ಈ ಪ್ರಶ್ನೆಯಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರಲ್ಲಿ. ಮಂಗಳೂರು ಆಯ್ಕೆಯಾದದ್ದು 2016ರ ಸೆಪ್ಟೆಂಬರಿನಲ್ಲಿ. ಒಂದು ನಗರಕ್ಕೆ ಐದು ವರ್ಷಗಳಲ್ಲಿ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟನ್ನೇ ರಾಜ್ಯ ಮತ್ತು ಪಾಲಿಕೆ ಸೇರಿಸಬೇಕು. ಪಟ್ಟಿಯಲ್ಲಿರುವ ಎಲ್ಲಾ ಕೆಲಸಕ್ಕೆ ಅದು ಸಾಲದು. ಹಾಗಾಗಿ ಮಾರ್ಕೆಟ್, ಪಾರ್ಕಿಂಗ್‌ನಂಥವನ್ನು ಖಾಸಗಿ ಸಹಭಾಗಿತ್ವಕ್ಕೆ ಹಾಕಿದರು. ಅಂದರೆ ಗುತ್ತಿಗೆದಾರ ತನ್ನ ಹಣ ಹೂಡಿ ಕಟ್ಟುವುದು, ಮುಂದೆ ಹಲವು ವರ್ಷ ಬಾಡಿಗೆ, ಪಾರ್ಕಿಂಗ್ ಶುಲ್ಕ ವಸೂಲು ಮಾಡಿ ಹೂಡಿದ್ದನ್ನು ತೆಗೆಯುವುದು. ಹೀಗಾದಾಗ ಬರುವ ಲಾಭದ ಅಂದಾಜು ಸ್ವಲ್ಪ ತಪ್ಪಿದರೂ ಕೆಲಸ ನಿಧಾನವಾಗುತ್ತದೆ. ಇನ್ನೊಂದು ತೊಡಕೂ ಇದೆ. ಹೆಚ್ಚು ಬಾಡಿಗೆ ಬರಲಿ ಎಂದು ಕಟ್ಟಡಕ್ಕೆ ಮಹಡಿಗಳು ಹೆಚ್ಚುತ್ತವೆ. ತರಕಾರಿಯವರಿಗೆ ಬೇಕಾದದ್ದು ಮಹಡಿಯಲ್ಲ, ನೆಲ.

ಇದನ್ನು ನನಗೆ ಅರ್ಥ ಮಾಡಿಸಿದವರು ರಸ್ತೆ ಬದಿಯಲ್ಲಿ ಸೊಪ್ಪು ಮಾರುವ ಒಬ್ಬ ಅಕ್ಕ. "ಹೊಸ ಕಟ್ಟಡದಲ್ಲಿ ಜಾಗ ಕೊಟ್ಟರೆ ಹೋಗುತ್ತೀರಾ ಅಕ್ಕ?" ಎಂದು ಕೇಳಿದೆ. "ಕೆಳಗೆ ಕೊಟ್ಟರೆ ಹೋಗುತ್ತೇನೆ. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಬಸ್ಸಿಗೆ ಓಡುವವರು ನಿಂತಲ್ಲೇ ತೆಗೆದುಕೊಂಡು ಹೋಗುವುದು" ಎಂದರು. ಉರ್ವದಲ್ಲಿ ಹೊಸ ಮಾರ್ಕೆಟ್ ಕಟ್ಟಡ ಎದ್ದ ಮೇಲೂ ವರ್ಷಗಳ ಕಾಲ ವ್ಯಾಪಾರಿಗಳಿಲ್ಲದೆ ಖಾಲಿ ನಿಂತದ್ದನ್ನು ನೋಡಿದವರಿಗೆ ಆ ಅಕ್ಕನ ಮಾತಿನ ಬೆಲೆ ಗೊತ್ತಾಗುತ್ತದೆ. ಕಟ್ಟಡ ಕಟ್ಟಿದ ಮಾತ್ರಕ್ಕೆ ಮಾರ್ಕೆಟ್ ಆಗುವುದಿಲ್ಲ.

ಸೊಪ್ಪಿನ ಅಕ್ಕನನ್ನು ನಕ್ಷೆ ಮಾಡುವ ಮೊದಲು ಕೇಳಬೇಕೆಂಬುದು ಬರೀ ಒಳ್ಳೆಯ ಮಾತಲ್ಲ. ಬೀದಿ ವ್ಯಾಪಾರಿಗಳ ಬಗ್ಗೆ 2014ರಲ್ಲೇ ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮುಗಿಯದೆ ಅವರನ್ನು ಎಬ್ಬಿಸುವಂತಿಲ್ಲ. ಇದನ್ನು ನಮ್ಮೂರಿನಿಂದ ಮಂಗಳೂರಿಗೆ ವ್ಯಾಪಾರಕ್ಕೆ ಹೋಗುವವರು ತಿಳಿದಿರುವುದು ಒಳ್ಳೆಯದು.

ಇನ್ನು ನನ್ನ ವೃತ್ತಿಯ ಒಂದು ಮಾತು. ಬ್ಯಾಂಕಿನ ಹಳೆ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುವಾಗ ಹಳೆಯದನ್ನು ಮೊದಲು ಬಂದ್ ಮಾಡುವುದಿಲ್ಲ. ಹೊಸದನ್ನು ಪಕ್ಕದಲ್ಲಿ ನಡೆಸಿ, ಒಂದೊಂದೇ ಶಾಖೆಯನ್ನು ಅದಕ್ಕೆ ಸೇರಿಸಿ, ಎಲ್ಲ ಲೆಕ್ಕ ತಾಳೆಯಾದ ಮೇಲೆ ಹಳೆಯದನ್ನು ಆರಿಸುತ್ತೇವೆ. ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಹೊಸ ಬಾವಿಯಲ್ಲಿ ನೀರು ಕಾಣುವ ಮೊದಲು ನಮ್ಮಜ್ಜಂದಿರು ಹಳೆ ಬಾವಿ ಮುಚ್ಚುತ್ತಿರಲಿಲ್ಲ, ಅಷ್ಟೇ.

ಈಗ ಇದನ್ನೆಲ್ಲ ಇಲ್ಲಿ ಏಕೆ ಹೇಳಿದೆ ಎಂಬುದಕ್ಕೆ ಬರುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಶಾಲೆಯ ಹೆಂಚಿನ ಕಟ್ಟಡ ತೆಗೆದು ಎರಡಂತಸ್ತಿನ ಹೊಸ ಕಟ್ಟಡ ಕಟ್ಟಬೇಕೆಂದು ಸಮಿತಿ ಯೋಚಿಸಿದೆ. ಬೇಸಗೆ ರಜೆಯಲ್ಲಿ ಹೆಂಚು ಇಳಿಸುವ ಮಾತೂ ಕೇಳಿದ್ದೇನೆ. ನಾನು ಹೊಸ ಕಟ್ಟಡಕ್ಕೆ ವಿರೋಧಿಯಲ್ಲ. ಮರದ ಜಂತಿಗೆ ಗೆದ್ದಲು ಹಿಡಿದದ್ದನ್ನು ನಾನೂ ನೋಡಿದ್ದೇನೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಶಾಲೆಗಳೆಲ್ಲ ಆ ಹೆಂಚಿನಡಿಯೇ ಬೆಳೆದವು ಎಂಬ ಪ್ರೀತಿ ಇದೆ. ಆದರೆ ಪ್ರೀತಿಗಾಗಿ ಮಕ್ಕಳ ತಲೆಯ ಮೇಲೆ ಅಪಾಯ ಇಡಲಾಗದು.

ನನ್ನ ವಿನಂತಿ ನಾಲ್ಕೇ.

ಒಂದು, ಬದಲಿ ಮೂರು ಕೋಣೆಗಳು ಸಿದ್ಧವಾಗುವ ತನಕ ಒಂದು ಹೆಂಚನ್ನೂ ಇಳಿಸಬೇಡಿ. ಆಟದ ಮೈದಾನದ ಪಡುಬದಿಯಲ್ಲಿ ಜಾಗವಿದೆ. ರಜೆಯಲ್ಲಿ ಕೆಡವಿ ಜೂನ್‌ಗೆ ಮುಗಿಸುತ್ತೇವೆ ಎಂದರೆ ಆಗದು. ನಮ್ಮಲ್ಲಿ ಜೂನ್ ಬಂದರೆ ಮಳೆಯೂ ಬರುತ್ತದೆ.

ಎರಡು, ನಕ್ಷೆಯನ್ನು ಮೊದಲು ತೋರಿಸಬೇಕಾದದ್ದು ನಮ್ಮಂಥ ಹಳೆ ವಿದ್ಯಾರ್ಥಿಗಳಿಗಲ್ಲ. ಹೆಡ್‌ಮಾಸ್ತರರಿಗೆ, ಅಕ್ಷರ ದಾಸೋಹದ ಅಡುಗೆಯವರಿಗೆ, ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ತೋರಿಸಿ. ಶೌಚಾಲಯ ಎಲ್ಲಿರಬೇಕು, ನೀರಿನ ನಲ್ಲಿ ಎಷ್ಟು ಬೇಕು, ಅಡುಗೆ ಕೋಣೆಯಿಂದ ಅನ್ನದ ಪಾತ್ರೆ ಹೊರುವ ದಾರಿ ಯಾವುದು ಎಂಬುದು ಅವರಿಗೆ ಗೊತ್ತು.

ಮೂರು, ಕೈಯಲ್ಲಿರುವ ಹಣಕ್ಕೆ ತಕ್ಕಷ್ಟು ಕಟ್ಟೋಣ. ನೆಲ ಅಂತಸ್ತು ಪೂರ್ತಿ ಮುಗಿದು ಮಕ್ಕಳು ಕೂತ ಮೇಲೆ ಮೇಲಿನದನ್ನು ನೋಡೋಣ. ಸಿಗಬಹುದಾದ ಅನುದಾನವನ್ನು ನಂಬಿ ಕಬ್ಬಿಣದ ಸರಳು ಆಕಾಶಕ್ಕೆ ಬಿಟ್ಟು ನಿಲ್ಲಿಸುವುದು ಬೇಡ.

ನಾಲ್ಕು, ಪ್ರತಿ ತಿಂಗಳ ಮೊದಲ ಶನಿವಾರ ಖರ್ಚಿನ ಲೆಕ್ಕ ಮತ್ತು ಆದ ಕೆಲಸ ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕೋಣ. ತಡವಾದರೆ ಏಕೆ ತಡ ಎಂದು ಅದರಲ್ಲೇ ಬರೆಯೋಣ. ಅತ್ತಾವರದ ಜನರಿಗೆ ತಡವಾದದ್ದಕ್ಕಿಂತ ಹೆಚ್ಚು ಬೇಸರ ತಂದದ್ದು, ಯಾಕೆ ತಡ ಎಂದು ಯಾರೂ ಹೇಳದೆ ಇದ್ದದ್ದು. ಈ ಲೆಕ್ಕ ಬರೆದಿಡುವ ಕೆಲಸವನ್ನು ಸಮಿತಿ ಒಪ್ಪಿದರೆ ನಾನು ಮಾಡಿಕೊಡುತ್ತೇನೆ.

ದೊಡ್ಡ ಪೇಟೆಯ ಮಾರ್ಕೆಟ್ಟನ್ನು ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲ. ಮೂರು ಕ್ಲಾಸುಗಳ ಮಕ್ಕಳು ಒಂದು ದಿನವೂ ಹೊರಗೆ ಕೂರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಶಾಲೆಗೆ ಐವತ್ತು ತುಂಬಿದ ಈ ವರ್ಷ ಅಷ್ಟನ್ನು ಮಾಡೋಣ.